ಗೆದ್ದ ಸಂಜೆಯ ಲೆಕ್ಕ

ಸೋತ ತಂಡಕ್ಕೆ ಕಾರಣ ಹುಡುಕಿ ಕೊಡುವವರು ಬೇಕಾದಷ್ಟು ಜನ. ರೆಫ್ರಿ ಸರಿಯಿಲ್ಲ, ಮೈದಾನ ಸರಿಯಿಲ್ಲ, ಮುಂದಿನ ಆಟಗಾರನಿಗೆ ಹಿಂದಿನ ದಿನ ಜ್ವರ ಬಂದಿತ್ತು ಎಂದು ಹೇಳುತ್ತ ಹೋದರೆ ಬೆಳಗಾಗುತ್ತದೆ. ಗೆದ್ದ ತಂಡದ ತಪ್ಪನ್ನು ಅದೇ ತಂಡದವರು ಕುಳಿತು ಎಣಿಸುವುದು ಮಾತ್ರ ಅಪರೂಪ. ಅಂಥವರನ್ನು ನಾನು ಕಂಡದ್ದು ಕೊಲ್ಲಾಪುರದಲ್ಲಿ. ಕೊಲ್ಲಾಪುರವೆಂದರೆ ನಮ್ಮವರಿಗೆ ಮಹಾಲಕ್ಷ್ಮಿ ದೇವಸ್ಥಾನ, ಚಪ್ಪಲಿ, ಬೆಲ್ಲ, ಹೆಚ್ಚೆಂದರೆ ಕುಸ್ತಿ. ಆ ಊರಿಗೆ ಮಲಪ್ಪುರದಷ್ಟೇ ಫುಟ್‌ಬಾಲಿನ ಹುಚ್ಚು ಉಂಟೆಂದರೆ ನಮ್ಮ ತೃಕ್ಕರಿಪುರದ ಕಡೆಯವರು ನಕ್ಕುಬಿಡಬಹುದು. ನಗುವ ಮೊದಲು ಸ್ವಲ್ಪ ಕೇಳಬೇಕು.

ಈ ಹುಚ್ಚಿನ ಮೂಲ ತಾಲೀಮಿನಲ್ಲಿದೆ. ನಮ್ಮ ಕಡೆ ದಸರಾ ಮೆರವಣಿಗೆಯ ಮುಂದೆ ದೊಣ್ಣೆ ಬೀಸುತ್ತ ಬರುವ ತಾಲೀಮು ಎಲ್ಲರಿಗೂ ಗೊತ್ತು. ಅಲ್ಲಿ ತಾಲೀಮು ಎಂದರೆ ಪೇಟೆಗೊಂದರಂತೆ ಇರುವ ಗರಡಿಮನೆ. 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರು ಕುಸ್ತಿಗೆ ಕೊಟ್ಟ ಪ್ರೋತ್ಸಾಹ ಪ್ರಸಿದ್ಧವಾದದ್ದು. 1912ರ ಖಾಸಬಾಗ ಕುಸ್ತಿ ಮೈದಾನ ಇಂದಿಗೂ ಅದಕ್ಕೆ ಸಾಕ್ಷಿ. ಆ ಗರಡಿಗಳ ಹುಡುಗರೇ ಮುಂದೆ ಚೆಂಡನ್ನೂ ಒದೆಯತೊಡಗಿದರು. 1940ರಲ್ಲಿ ಕೊಲ್ಲಾಪುರ ಸ್ಪೋರ್ಟ್ಸ್ ಅಸೋಸಿಯೇಶನ್ ಹುಟ್ಟಿತು. ಆದ್ದರಿಂದಲೇ ಇವತ್ತಿಗೂ ಅಲ್ಲಿನ ತಂಡಗಳ ಹೆಸರು ಕೇಳಿದರೆ ಕುಸ್ತಿಯ ಅಖಾಡದ ಹೆಸರಿನಂತೆ ಇರುತ್ತದೆ. ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು, ದಿಲ್‌ಬಹಾರ್ ತಾಲೀಮು, ಬಾಲಗೋಪಾಲ ತಾಲೀಮು. ಜೊತೆಗೆ ಶಿವಾಜಿ ತರುಣ ಮಂಡಳ, ಪ್ರಾಕ್ಟೀಸ್ ಕ್ಲಬ್. ಇವು ಕಂಪೆನಿಯ ತಂಡಗಳಲ್ಲ, ಬ್ಯಾಂಕಿನ ತಂಡಗಳಲ್ಲ. ಮಂಗಳವಾರ ಪೇಠೆ, ಶಿವಾಜಿ ಪೇಠೆ, ರವಿವಾರ ಪೇಠೆ ಎಂಬ ಕೇರಿಗಳ ತಂಡಗಳು. ಮಳೆಗಾಲ ಕಳೆದು ಲೀಗ್ ಆರಂಭವಾಯಿತೆಂದರೆ ಶಾಹು ಸ್ಟೇಡಿಯಮ್ಮಿನಲ್ಲಿ ಮಧ್ಯಾಹ್ನದಿಂದಲೇ ಹಲಗೆಯ ಸದ್ದು. ಎಲ್ಲಿ ಹುಟ್ಟಿದೆಯೋ ಆ ಕೇರಿಯ ಬಣ್ಣವೇ ನಿನ್ನ ಬಣ್ಣ. ಆರಿಸಿಕೊಳ್ಳುವ ಪ್ರಶ್ನೆ ಇಲ್ಲ.

ಇಚಲಕರಂಜಿ ಅಲ್ಲಿಂದ ಮೂವತ್ತು ಕಿಲೋಮೀಟರಿನ ದಾರಿ, ಮಗ್ಗದ ಊರು. ಅದರ ಪರಿಚಯ ಇಷ್ಟು ಸಾಕು, ಏಕೆಂದರೆ ಅಲ್ಲಿಯ ಹಿರಿಯರೊಬ್ಬರು ಮುಂದೆ ಬರಲಿದ್ದಾರೆ. ಗಡಹಿಂಗ್ಲಜದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಹಿರಣ್ಯಕೇಶಿ ಹೊಳೆಯ ದಡದ ಈ ತಾಲೂಕು ಕೇಂದ್ರದಿಂದ ಸಂಕೇಶ್ವರಕ್ಕೆ ಬಸ್ಸು ಹತ್ತಿದರೆ ಟಿಕೇಟಿನ ಚಿಲ್ಲರೆ ಎಣಿಸುವುದರೊಳಗೆ ಕರ್ನಾಟಕ. ಸುತ್ತಲ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಶಾಲೆ ಮತ್ತು ಕಚೇರಿಗಳಲ್ಲಿ ಮರಾಠಿ. ಇಂಥ ಸಣ್ಣ ಊರು ದೀಪಾವಳಿಯ ಹೊತ್ತಿಗೆ ಎಂ. ಆರ್. ಹೈಸ್ಕೂಲಿನ ಮೈದಾನದಲ್ಲಿ ಅಖಿಲ ಭಾರತ ಮಟ್ಟದ ಫುಟ್‌ಬಾಲ್ ಪಂದ್ಯಾವಳಿ ನಡೆಸುತ್ತ ಬಂದಿದೆ. ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೂ ಪಂದ್ಯ ನೋಡಿಯೇ ಗಂಡನ ಮನೆಗೆ ಮರಳುತ್ತಾರೆಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿದರು.

ನನ್ನ ಭಾವ ಕೊಲ್ಲಾಪುರದಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತಾನೆ. ಕ್ರಿಸ್‌ಮಸ್ ರಜೆಯಲ್ಲಿ ಹೋದಾಗ ಅವನ ಒತ್ತಾಯಕ್ಕೆ ಒಂದು ಲೀಗ್ ಪಂದ್ಯ ನೋಡಿದೆ. ತಂಡಗಳ ಹೆಸರು ಬರೆಯುವುದಿಲ್ಲ. ಬರೆದರೆ ಭಾವನ ಹೋಟೆಲಿಗೆ ಒಂದು ಪೇಠೆಯ ಗಿರಾಕಿ ನಿಲ್ಲುತ್ತದೆ. ನಾವು ಕುಳಿತ ಕಡೆಯ ತಂಡ 2-1ರಿಂದ ಗೆದ್ದಿತು. ಪಟಾಕಿ ಸಿಡಿಯಿತು, ಗುಲಾಲು ಹಾರಿತು, ನನ್ನ ಬಿಳಿ ಅಂಗಿ ಹಾಳಾಯಿತು. ಅಷ್ಟು ಸಂಭ್ರಮ ಮಾಡಿದ ಅದೇ ಜನ ಅರ್ಧ ಗಂಟೆಯ ಬಳಿಕ ಭಾವನ ಹೋಟೆಲಿನ ಮೂಲೆಯ ಮೇಜಿಗೆ ಬಂದು ಕೂತರು. ಅವರ ಮುಖ ನೋಡಿದರೆ ಸಾವಿನ ಮನೆಯಿಂದ ಬಂದವರ ಹಾಗಿತ್ತು.

ಐದಾರು ಮಂದಿ. ಇಚಲಕರಂಜಿಯಲ್ಲಿ ನಲವತ್ತು ವರ್ಷ ಮಗ್ಗ ನಡೆಸಿ ಈಗ ಮಗನ ಜೊತೆ ಕೊಲ್ಲಾಪುರದಲ್ಲಿರುವ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಉಳಿದವರು ಗಡಹಿಂಗ್ಲಜ ಕಡೆಯ ಹುಡುಗರು, ಶಿರೋಲಿಯ ಫೌಂಡ್ರಿಗಳಲ್ಲಿ ದುಡಿಯುವವರು. ಕಾಕಾ ಕೂತವರೇ ಬಲಗಡೆಯ ಕಿಸೆಯಿಂದ ಬೆಂಕಿಕಡ್ಡಿಗಳನ್ನು ತೆಗೆದು ಮೇಜಿನ ಮೇಲೆ ಸುರಿದು ಎಣಿಸತೊಡಗಿದರು. ಬೀಡಿ ಸೇದುವವರಲ್ಲ, ನನಗೆ ಆಶ್ಚರ್ಯ. ಆಮೇಲೆ ತಿಳಿಯಿತು. ಆಟ ಶುರುವಾಗುವಾಗ ಪೆಟ್ಟಿಗೆಯ ಕಡ್ಡಿಗಳೆಲ್ಲ ಅವರ ಎಡ ಕಿಸೆಯಲ್ಲಿರುತ್ತವೆ. ಎದುರಾಳಿ ಮೈಮೇಲೆ ಬೀಳದಿದ್ದರೂ ತಮ್ಮ ಹುಡುಗ ಚೆಂಡನ್ನು ಎದುರಿನವನ ಕಾಲಿಗೆ ಕೊಟ್ಟರೆ ಒಂದು ಕಡ್ಡಿ ಬಲ ಕಿಸೆಗೆ. ಮೊದಲರ್ಧಕ್ಕೆ ಹದಿನಾಲ್ಕು ಕಡ್ಡಿ, ಎರಡನೆಯ ಅರ್ಧಕ್ಕೆ ಮೂವತ್ತೇಳು. ಪೆಟ್ಟಿಗೆ ಸಾಲದೆ ಪಕ್ಕದವನಿಂದ ಸಾಲ ತಂದದ್ದೂ ಸೇರಿ.

“ಗೆದ್ದೇವ್ರಿ ಸರ, ಖರೆ,” ಎಂದ ಒಬ್ಬ ಹುಡುಗ, ನಾನು ಕನ್ನಡದವನೆಂದು ತಿಳಿದ ಮೇಲೆ. “ಆದ್ರ ಆಡೇವಿ ಅನ್ನಾಕ ಬಾಯಿ ಬರವಲ್ದು.”

ಚರ್ಚೆ ಹೀಗೆ ಸಾಗಿತು. ಮೊದಲ ಮೂವತ್ತು ನಿಮಿಷ ತಂಡ ಚೆನ್ನಾಗಿಯೇ ಆಡಿತ್ತು. ಚೆಂಡು ಹಾಫ್ ಆಟಗಾರರ ಕಾಲಿನಿಂದ ರೆಕ್ಕೆಗೆ, ರೆಕ್ಕೆಯಿಂದ ಗೋಲಿನ ಬಾಯಿಗೆ ಹೋಗುತ್ತಿತ್ತು. ಎರಡನೆಯ ಗೋಲು ಬಿದ್ದದ್ದೇ ತಡ, ಎಲ್ಲರೂ ಹಿಂದೆ ಸರಿದರು. “ಹಾಫ್ ಇಬ್ರೂ ಬ್ಯಾಕಿನ ಮೈಮ್ಯಾಲೆ ಬಂದು ನಿಂತ್ರ ನಡುವಿನ ಜಾಗಾ ಯಾರಪ್ಪಂದು?” ಎಂದು ಕಾಕಾ ಮೇಜು ತಟ್ಟಿದರು. ಎಡಗಡೆಯ ಬ್ಯಾಕ್ ನಾಲ್ಕು ಸಲ ಮೋಸ ಹೋದ. ಅವನೊಬ್ಬನ ತಪ್ಪಲ್ಲ, ಮುಂದಿದ್ದ ವಿಂಗ್ ಹುಡುಗ ಒಮ್ಮೆಯೂ ತಿರುಗಿ ಬರಲಿಲ್ಲವೆಂದು ಇನ್ನೊಬ್ಬನ ವಾದ. ಕೊನೆಯ ಹತ್ತು ನಿಮಿಷದಲ್ಲಿ ಎದುರಾಳಿಯ ಒದೆತವೊಂದು ಕಂಬಕ್ಕೆ ಬಡಿದು ಹೊರಗೆ ಹೋಗಿತ್ತು. “ಕಂಬಾ ನಮ್ಮ ಹನ್ನೆರಡ್ನೇ ಆಟಗಾರ” ಎಂದು ಯಾರೋ ಹೇಳಿದಾಗ ಕಾಕಾ ಬಿಟ್ಟು ಎಲ್ಲರೂ ನಕ್ಕರು.

ಇವತ್ತು ಗೆದ್ದಿದ್ದೀರಿ, ನಾಳೆ ಬೈದರಾಗದೇ ಎಂದು ನಾನು ಕೇಳಿದೆ. ಕಾಕಾ ಹೇಳಿದ್ದು: “ಸೋತ ದಿನಾ ಬೈದ್ರ ಹುಡುಗೂರು ಮನಸಿಗೆ ಹಚ್ಕೋತಾವ್ರಿ ಮಾಸ್ತರ. ಗೆದ್ದ ದಿನಾ ಬೈದ್ರ ಕೇಳ್ತಾವ. ಮತ್ತ, ಬಟ್ಟಿ ಮಾರಾಟ ಆತು ಅಂದ್ರ ಎಳಿ ಹರದಿಲ್ಲ ಅಂತ ಅರ್ಥ ಏನು?” ಮಗ್ಗದವರ ಕಣ್ಣು ಹಾಗೆ. ಬಟ್ಟೆ ಇಳಿಸಿದ ಮೇಲೆ ಬೆಳಕಿಗೆ ಹಿಡಿದು ನೋಡದೆ ಅವರಿಗೆ ಸಮಾಧಾನವಿಲ್ಲ.

ಎಲ್ಲಕ್ಕಿಂತ ಬಿಸಿಯಾದ ಮಾತು ಆ ಎರಡು ಗೋಲುಗಳದ್ದೇ. ಎರಡನ್ನೂ ಹೊಡೆದವನು ಆ ಋತುವಿಗೆಂದು ಕರೆಸಿದ ಆಫ್ರಿಕದ ಆಟಗಾರ. ಕೊಲ್ಲಾಪುರದ ತಂಡಗಳು ಹೊರಗಿನವರನ್ನು, ನೈಜೀರಿಯದವರನ್ನೂ, ಕರೆಸಿಕೊಳ್ಳತೊಡಗಿ ವರ್ಷಗಳೇ ಆದವು. ಇದು ನಮಗೆ ಹೊಸತಲ್ಲ. ಮಲಬಾರಿನ ಸೆವೆನ್ಸ್ ಪಂದ್ಯಗಳಲ್ಲಿ ಏಳು ಮಂದಿಯ ತಂಡಕ್ಕೆ ಆಫ್ರಿಕದವರು ಬಂದು ಆಡುವುದನ್ನು, ಊರವರು ಅವರನ್ನು ‘ಸುಡು’ ಎಂದು ಪ್ರೀತಿಯಿಂದ ಕೂಗುವುದನ್ನು ನಾವು ಕಂಡವರೇ. 2018ರಲ್ಲಿ ಅದೇ ವಿಷಯದ ಮೇಲೆ ‘ಸುಡಾನಿ ಫ್ರಮ್ ನೈಜೀರಿಯಾ’ ಎಂಬ ಮಲಯಾಳ ಸಿನೆಮಾ ಬಂದು ಎಲ್ಲರಿಗೂ ಗೊತ್ತಾಯಿತು. ಆದರೆ ಸೆವೆನ್ಸ್ ಒಂದು ಜಾತ್ರೆಯ ಹಾಗೆ, ಬಂದು ಹೋಗುವಂಥದ್ದು. ಪೇಠೆಯ ತಂಡ ಹಾಗಲ್ಲ. “ಅಂವ ಚಲೋ ಮನಶಾ, ಚಲೋ ಆಟಗಾರ,” ಎಂದ ಫೌಂಡ್ರಿಯ ಹುಡುಗ. “ಬರೋ ವರ್ಷ ಎದುರಿನ ಪೇಠೆ ನಾಕ ರೂಪಾಯಿ ಹೆಚ್ಚು ಕೊಟ್ರ ಅಲ್ಲಿ ಹೋಗ್ತಾನ. ಆವಾಗ ನಮ್ಮ ಕಡೆ ಗೋಲ್ ಹೊಡಿಯಾವ್ರು ಯಾರು?” ಅವನ ತಮ್ಮ ಅದೇ ತಂಡದ ಬೆಂಚಿನಲ್ಲಿ ಎರಡು ವರ್ಷದಿಂದ ಕೂತಿದ್ದಾನೆಂದು ಭಾವ ನನಗೆ ಆಮೇಲೆ ಹೇಳಿದ. ಆ ಮಾತಿನಲ್ಲಿ ಸ್ವಲ್ಪ ಮನೆಯ ಕೋಪ ಬೆರೆತಿದ್ದರೂ ಪ್ರಶ್ನೆ ಮಾತ್ರ ನ್ಯಾಯವಾದದ್ದೇ.

ಸ್ಥಳೀಯರಲ್ಲಿ ಕಸುವಿಲ್ಲವೆಂದು ಯಾರೂ ಹೇಳುವಂತಿಲ್ಲ. ಭಾರತ ಮೊತ್ತಮೊದಲ ಬಾರಿಗೆ ಫಿಫಾದ ವಿಶ್ವಕಪ್ ಒಂದರಲ್ಲಿ ಆಡಿದ್ದು 2017ರಲ್ಲಿ, ಹದಿನೇಳು ವರ್ಷದೊಳಗಿನವರ ಪಂದ್ಯಾವಳಿಯಲ್ಲಿ. ಆ ತಂಡದಲ್ಲಿ ಕೊಲ್ಲಾಪುರದ ಅನಿಕೇತ್ ಜಾಧವ್ ಇದ್ದ, ತೃಶ್ಶೂರಿನ ರಾಹುಲ್ ಕೆ. ಪಿ. ಇದ್ದ. 2022ರ ಮಾರ್ಚ್ 20ರಂದು ಗೋವೆಯಲ್ಲಿ ಐಎಸ್‌ಎಲ್ ಫೈನಲ್ ನಡೆದಾಗ ರಾಹುಲ್ ಕೇರಳ ಬ್ಲಾಸ್ಟರ್ಸ್‌ನಲ್ಲಿ, ಅನಿಕೇತ್ ಹೈದರಾಬಾದ್ ತಂಡದಲ್ಲಿ. ಆ ರಾತ್ರಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಟೀವಿಗಳು ಬೇಸರದಿಂದ ಆರಿದವೆಂದು ನೆನಪಿರಬಹುದು. ರಾಹುಲನ ಗೋಲಿನಿಂದ ಮುಂದಿದ್ದ ಬ್ಲಾಸ್ಟರ್ಸ್‌ಗೆ 88ನೆಯ ನಿಮಿಷದಲ್ಲಿ ಸಾಹಿಲ್ ತವೋರಾ ಸಮಗೋಲು ಹೊಡೆದ; ಪೆನಾಲ್ಟಿಗಳಲ್ಲಿ ಗೋವೆಯ ಲಕ್ಷ್ಮೀಕಾಂತ ಕಟ್ಟೀಮನಿ (ಹೆಸರು ಕೇಳಿದರೆ ನಮ್ಮವನೇ ಅನಿಸುತ್ತದೆ) ಮೂವರ ಒದೆತ ತಡೆದ. ಹೈದರಾಬಾದ್ 3-1ರಿಂದ ಗೆದ್ದಿತು. ಇದನ್ನು ಆ ಮೇಜಿನ ಮುಂದೆ ತೆಗೆದಾಗ ಕೊಲ್ಲಾಪುರದವರು ಕುಣಿದಾಡಿರಬೇಕೆಂದು ನಾನು ಎಣಿಸಿದ್ದೆ. ಅವರ ಲೆಕ್ಕವೇ ಬೇರೆ: ಎಂಬತ್ತೆಂಟು ನಿಮಿಷ ಗೋಲು ಕಾಣದ ತಂಡ ಗೆದ್ದದ್ದು ಗೋಲ್‌ಕೀಪರನ ಕೈಯಿಂದ, ಆಟದಿಂದಲ್ಲ. ಬ್ಲಾಸ್ಟರ್ಸ್ ಫೈನಲಿನಲ್ಲಿ ಪೆನಾಲ್ಟಿಗೆ ಸೋತದ್ದು ಅದೇ ಮೊದಲಲ್ಲವೆಂದೂ, 2016ರಲ್ಲಿ ನಮ್ಮ ತೃಕ್ಕರಿಪುರದ ಮಹಮ್ಮದ್ ರಫಿ ಗೋಲು ಹೊಡೆದರೂ ಕಪ್ಪು ಕೈ ತಪ್ಪಿತೆಂದೂ ನಾನು ಹೇಳಿದಾಗ ಕಾಕಾ ತಲೆಯಾಡಿಸಿದರು. ರಫಿಯ ಹೆಸರು ಅವರಿಗೆ ಗೊತ್ತಿತ್ತು. ನನಗೆ ಸಂತೋಷವಾಯಿತು.

ಇಡೀ ಜಗತ್ತು ಹೊಗಳಿದ ಗೆಲುವಿಗೂ ಅವರು ಇದೇ ಅಳತೆಗೋಲು ಹಿಡಿಯುತ್ತಾರೆ. ಕೊಲ್ಲಾಪುರವೂ ನಮ್ಮ ಹಾಗೆ ಬ್ರೆಜಿಲ್, ಅರ್ಜೆಂಟೀನ ಎಂದು ಎರಡು ಹೋಳಾಗುವ ಊರು. 2022ರ ವಿಶ್ವಕಪ್ಪಿನ ಹೊತ್ತಿಗೆ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಯ್ಮಾರರ ಆಳೆತ್ತರ ಮೀರಿದ ಚಿತ್ರಗಳು ನಿಂತಂತೆ ಅಲ್ಲಿಯೂ ಗಲ್ಲಿ ಗಲ್ಲಿಗೆ ಬಣ್ಣ. ಡಿಸೆಂಬರ್ 18ರ ಫೈನಲಿನಲ್ಲಿ ಎಪ್ಪತ್ತೊಂಬತ್ತು ನಿಮಿಷದವರೆಗೆ ಅರ್ಜೆಂಟೀನ 2-0 ಮುಂದೆ. ಆ ತನಕ ಫ್ರಾನ್ಸಿನಿಂದ ಗೋಲಿಗೆ ನೇರವಾದ ಒಂದು ಒದೆತವೂ ಇರಲಿಲ್ಲ. 64ನೆಯ ನಿಮಿಷದಲ್ಲಿ ಡಿ ಮರಿಯಾನನ್ನು ಹೊರಗೆ ಕರೆದರು. ಆಮೇಲೆ ಎಂಬಾಪೆ ಎರಡು ನಿಮಿಷದೊಳಗೆ ಎರಡು ಗೋಲು ಹೊಡೆದು ಸಮ ಮಾಡಿದ. ಹೆಚ್ಚಿನ ಸಮಯದಲ್ಲಿ 3-3, ಕೊನೆಗೆ ಪೆನಾಲ್ಟಿಯಲ್ಲಿ 4-2. “ಅವತ್ತೂ ಹಿಂಗ ಆತ್ರಿ. ಎರಡ ಗೋಲ್ ಆದವು, ಹಿಂದಕ ಸರದ್ರು,” ಎಂದ ಅರ್ಜೆಂಟೀನದ ಭಕ್ತನೊಬ್ಬ, ತನ್ನ ಪೇಠೆಯ ಎಡ ಬ್ಯಾಕನ್ನೂ ಡಿ ಮರಿಯಾನನ್ನೂ ಒಂದೇ ತಕ್ಕಡಿಗೆ ಹಾಕಿ. ಅವನ ವಾದದಲ್ಲಿ ಹುರುಳಿತ್ತು. ಆದರೆ ಅರ್ಜೆಂಟೀನದ ಹುಡುಗರ ಕಾಲು ಅದರ ಹಿಂದಿನ ಪಂದ್ಯಗಳಲ್ಲೇ ದಣಿದಿತ್ತೆಂಬುದನ್ನು ಅವನು ಮರೆತ.

ಒಂದು ಸಂಗತಿ ನಾನು ಗಮನಿಸದೆ ಇರಲಾರೆ, ಮೇಷ್ಟರ ಚಾಳಿ. ಆ ಮೇಜಿನವರು ತಮ್ಮೊಳಗೆ ಕನ್ನಡ, ಪಕ್ಕದ ಮೇಜಿಗೆ ಮರಾಠಿ, ಮೈದಾನದಲ್ಲಿ ಕೂಗುವುದೆಲ್ಲ ಮರಾಠಿ. ತಂಡ ಯಾರ ಮನೆಮಾತನ್ನೂ ಕೇಳುವುದಿಲ್ಲ, ಅದು ಒಳ್ಳೆಯದೇ. ಆದರೆ ಆ ಹುಡುಗರಲ್ಲಿ ಕನ್ನಡ ಓದಬಲ್ಲವನು ಒಬ್ಬನೂ ಇರಲಿಲ್ಲ. ನನ್ನ ಚೀಲದಲ್ಲಿದ್ದ ಈ ಪತ್ರಿಕೆಯ ಹಳೆಯ ಸಂಚಿಕೆಯನ್ನು ಕಾಕಾ ಮಾತ್ರ ತಿರುವಿ ನೋಡಿದರು. ಹುಡುಗರ ಕನ್ನಡ ಗಟ್ಟಿಯಾಗಿ ಉಳಿದಿರುವುದು ಬೈಗುಳದಲ್ಲಿ.

ಈ ಜನರನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಪೇಠೆಯ ಅಭಿಮಾನ ಕಲ್ಲಾಗಿ ಹಾರಿದ್ದೂ ಉಂಟು. ಗ್ಯಾಲರಿಯ ಹೊಡೆದಾಟದಿಂದ ಪಂದ್ಯ ನಿಂತು ಪೊಲೀಸರು ಲಾಠಿ ಎತ್ತಿದ್ದೂ ಉಂಟು. ತಮ್ಮವರ ತಪ್ಪು ಎಣಿಸಲು ಒಂದು ಪೆಟ್ಟಿಗೆ ಕಡ್ಡಿ ಇಟ್ಟುಕೊಂಡವರು ಗ್ಯಾಲರಿಯಲ್ಲಿ ಹತ್ತಾರು ಮಂದಿ ಇದ್ದಾರು, ಉಳಿದ ಸಾವಿರಾರು ಜನ ಗೆದ್ದರೆ ಗುಲಾಲು, ಸೋತರೆ ಕಲ್ಲು ಎಂಬ ಗುಂಪಿನವರೇ.

ನಮ್ಮಲ್ಲಿ ಆ ಹತ್ತು ಮಂದಿಯಾದರೂ ಇದ್ದಾರೆಯೇ? ಕೇರಳದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇಕಡಾ 99.70 ಬಂತು. ಶಾಲೆಗಳ ಗೇಟಿನಲ್ಲಿ ನೂರಕ್ಕೆ ನೂರು ಎಂಬ ಬ್ಯಾನರು, ಸಿಹಿ ಹಂಚಿಕೆ, ಫೋಟೋ. ಸಂತೋಷವೇ, ಮಕ್ಕಳು ದುಡಿದಿದ್ದಾರೆ. ಆದರೆ ಕನ್ನಡದಲ್ಲಿ ಎ ಪ್ಲಸ್ ಪಡೆದ ಹುಡುಗನೇ ಜೂನಿನಲ್ಲಿ ಬಂದು ‘ಸರ್, ಪಂಚಾಯತಿಗೆ ಒಂದು ಅರ್ಜಿ ಬರೆದು ಕೊಡಿ’ ಎಂದರೆ ಆ ಗೆಲುವಿನಲ್ಲಿ ಎಷ್ಟು ಕಡ್ಡಿ ಬಲ ಕಿಸೆಗೆ ದಾಟಿರಬೇಕು? ಒಂದನೆಯ ತರಗತಿಗೆ ಸೇರುವ ಮಕ್ಕಳು ಕಡಿಮೆಯಾಗುತ್ತಿರುವಾಗ ಹತ್ತನೆಯದರ ಪೂರ್ಣ ಫಲಿತಾಂಶ ಎಷ್ಟು ವರ್ಷ ನಮ್ಮನ್ನು ಕಾಪಾಡೀತು? ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಸೋಲಿನ ವರ್ಷ ಎದ್ದು ನಿಂತು ಕೇಳುವವರಿದ್ದಾರೆ. ಗೆದ್ದ ವರ್ಷ ಚಹಾ ಕುಡಿದು ಹೋಗುತ್ತಾರೆ.

ಅವತ್ತು ರಾತ್ರಿ ಎಡಗಡೆಯ ಬ್ಯಾಕ್ ಸ್ವತಃ ಹೋಟೆಲಿಗೆ ಬಂದ. ಇಪ್ಪತ್ತರ ಹುಡುಗ, ಮೊಣಕಾಲಿಗೆ ಪಟ್ಟಿ. ಕಾಕಾ ಅವನಿಗೆ ಮೊದಲು ಇಡ್ಲಿ ತರಿಸಿದರು; ತಿಂದು ಮುಗಿಸುವ ತನಕ ಯಾರೂ ಮಾತಾಡಲಿಲ್ಲ. ಆಮೇಲೆ ಕಡ್ಡಿಗಳನ್ನು ಮೈದಾನದ ಹಾಗೆ ಹರಡಿ ಅವನು ಎಲ್ಲಿ ನಿಂತಿದ್ದ, ಎಲ್ಲಿ ನಿಲ್ಲಬೇಕಿತ್ತು ಎಂದು ಮುಕ್ಕಾಲು ಗಂಟೆ ತೋರಿಸಿದರು. ವಿಂಗ್ ಹುಡುಗನನ್ನೂ ಮರುದಿನ ಕರೆತರಬೇಕೆಂದು ಅವನಿಗೆ ತಾಕೀತು ಮಾಡಿದರು. ಹುಡುಗ ತಲೆ ತಗ್ಗಿಸಿ ಕೇಳಿದ; ಎರಡು ಕಡೆ ಕಾಕಾನ ಕಡ್ಡಿಯನ್ನೇ ಸರಿಸಿ ‘ಇಲ್ಲಿಲ್ರಿ, ಇಲ್ಲಿದ್ದೆ’ ಎಂದು ತಿದ್ದಿದ.

ಮುಂದಿನ ಪಂದ್ಯ 0-0 ಸಮವಾಯಿತೆಂದು ಭಾವ ಫೋನಿನಲ್ಲಿ ಹೇಳಿದ. ಕಡ್ಡಿ ಎಷ್ಟು ದಾಟಿತಂತೆ ಎಂದು ಕೇಳಿದೆ. ಅದನ್ನು ಕೇಳಲು ಅವನಿಗೆ ಪುರುಸೊತ್ತಾಗಿರಲಿಲ್ಲ. ಸಮವಾದ ದಿನ ಹೋಟೆಲಿನಲ್ಲಿ ಗಿರಾಕಿಗಳ ಗದ್ದಲ ಗೆದ್ದ ದಿನಕ್ಕಿಂತಲೂ ಹೆಚ್ಚಿತ್ತಂತೆ.