ಹೋಳಿಗೆ ಕೊರಳಿಗೆ, ಯುಗಾದಿಗೆ ಗುಡಿಗೆ: ಗಡಿನಾಡಿನ ಸಕ್ಕರೆ ಸರ

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿದರೆ ಬೀದರ್‌ನ ಪೇಟೆಯ ಅಂಗಡಿಗಳ ಮುಂದೆ ಹೊಸ ತೋರಣ ಕಾಣಿಸಿಕೊಳ್ಳುತ್ತದೆ. ಬಿಳಿ, ಗುಲಾಬಿ, ಹಳದಿ ಬಿಲ್ಲೆಗಳ ಸಾಲು, ತುದಿಯಲ್ಲೊಂದು ದೊಡ್ಡ ಪದಕ. ಹೂವಿರಬೇಕು ಎಂದು ಹತ್ತಿರ ಹೋದರೆ ಅಪ್ಪಟ ಸಕ್ಕರೆ. ಭಾಲ್ಕಿ, ಔರಾದ್ ಸಂತೆಗಳಲ್ಲೂ ಇದೇ ನೋಟ. ವರ್ಷದಲ್ಲಿ ಸುಮಾರು ಒಂದು ತಿಂಗಳು ಮಾತ್ರ ಕಾಣುವ ಸಿಹಿ ಇದು.

ಕನ್ನಡದವರಿಗೆ ಇದು ಸಕ್ಕರೆ ಸರ ಅಥವಾ ಸಕ್ಕರೆ ಹಾರ. ಮರಾಠಿ ಮನೆಗಳಲ್ಲಿ ‘ಗಾಠಿ’. ತೆಲುಗರ ಬಾಯಲ್ಲಿ ‘ಚಕ್ಕೆರ ಪೇರು’. ಒಂದೇ ತಿನಿಸಿಗೆ ಮೂರು ಹೆಸರು ಬಂದದ್ದರ ಹಿಂದೆ ಈ ಜಿಲ್ಲೆಯ ಚರಿತ್ರೆಯೇ ಇದೆ. ಹೈದರಾಬಾದ್ ಸಂಸ್ಥಾನದ ಕಾಲದ ಬೀದರ್ ಜಿಲ್ಲೆ ಈಗಿನದಕ್ಕಿಂತ ದೊಡ್ಡದು. 1956ರ ನವೆಂಬರ್ 1ರ ರಾಜ್ಯ ಮರುವಿಂಗಡಣೆಯಲ್ಲಿ ಉದಗೀರ್, ನಿಲಂಗಾ, ಅಹಮದ್‌ಪುರ ಮರಾಠಿ ಸೀಮೆಗೆ ಹೋದವು; ಜಹೀರಾಬಾದ್, ನಾರಾಯಣಖೇಡ್ ತೆಲುಗು ಸೀಮೆಗೆ ಸೇರಿದವು; ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ತಾಲ್ಲೂಕುಗಳು ಹಂಚಿಹೋದರೂ ಬೀಗರು ಹಂಚಿಹೋಗಲಿಲ್ಲ. ಹೋಳಿ ಬಂದರೆ ಸರ ಗಡಿಯ ಆಚೆಗೂ ಹೋಗುತ್ತದೆ, ಈಚೆಗೂ ಬರುತ್ತದೆ.

ದಾರಕ್ಕೆ ಪೋಣಿಸಿದ ಹಾಗೆ ಕಂಡರೂ ಈ ಬಿಲ್ಲೆಗಳನ್ನು ಯಾರೂ ಪೋಣಿಸುವುದಿಲ್ಲ. ದೊಡ್ಡ ಕಡಾಯಿಯಲ್ಲಿ ಸಕ್ಕರೆ, ನೀರು ಕುದಿಯುವಾಗ ತುಸು ಹಾಲು ಬೀಳುತ್ತದೆ. ಕಸವೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ, ಅದನ್ನು ತೆಗೆದುಬಿಡುತ್ತಾರೆ. ಮರದ ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಸಿಟ್ಟಿರುತ್ತಾರೆ. ಒಣ ಮರವಾದರೆ ಪಾಕ ಕಚ್ಚಿಕೊಳ್ಳುತ್ತದೆ. ಅಚ್ಚಿನಲ್ಲಿ ಸಾಲಾಗಿ ಕೊರೆದ ಗುಳಿಗಳ ಉದ್ದಕ್ಕೂ ದಾರ ಎಳೆದು, ಹದಕ್ಕೆ ಬಂದ ಪಾಕ ಸುರಿಯುತ್ತಾರೆ. ಕೆಲವೇ ನಿಮಿಷಗಳಲ್ಲಿ ಸಕ್ಕರೆ ದಾರವನ್ನು ಒಳಗೆ ಹಿಡಿದುಕೊಂಡೇ ಗಟ್ಟಿಯಾಗುತ್ತದೆ. ಬಣ್ಣದ ಸರಕ್ಕೆ ಪಾಕದಲ್ಲೇ ಬಣ್ಣ ಬೆರೆಸಿರುತ್ತಾರೆ.

ಪಾಕ ಒಂದಿಷ್ಟು ಎಳೆಯದಾದರೆ ಸರ ಅಚ್ಚಿನಿಂದ ಇಡಿಯಾಗಿ ಏಳುವುದಿಲ್ಲ. ಬಲಿತರೆ ಸುರಿಯುವ ಮೊದಲೇ ಹರಳುಗಟ್ಟುತ್ತದೆ. ಹದ ತಿಳಿಯುವುದು ಕೈಗೆ, ಕಣ್ಣಿಗೆ. ಹವೆಯೂ ಒಣಗಿರಬೇಕು. ಮಳೆಗಾಲದಲ್ಲಿ ಇದನ್ನೇ ಮಾಡಿಟ್ಟರೆ ಸರ ಬೆವರಿ ಅಂಟಂಟಾದೀತು. ಫಾಲ್ಗುಣದ ಬಿಸಿಲು ಈ ಕಸುಬಿಗೆ ಹೇಳಿ ಮಾಡಿಸಿದ್ದು.

ಮರದ ಅಚ್ಚಿನ ಸಕ್ಕರೆ ಕನ್ನಡ ನಾಡಿಗೆ ಹೊಸದೇನಲ್ಲ. ಮೈಸೂರು ಸೀಮೆಯ ಸಂಕ್ರಾಂತಿಗೆ ಸಕ್ಕರೆ ಅಚ್ಚು, ಧಾರವಾಡದ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ. ಬೀದರ್ ಸೀಮೆಯಲ್ಲಿ ಅದೇ ವಿದ್ಯೆ ವಸಂತಕ್ಕೆ ಬಂದು, ಕೊರಳಿಗೆ ಏರಿದೆ. ಮಗುವಿನ ಮೊದಲ ಹೋಳಿಗೆ ಹೊಸ ಬಟ್ಟೆಯ ಜೊತೆ ಸರವೂ ಬರುತ್ತದೆ. ಬಣ್ಣದಾಟದ ನಡುವೆ ಒಂದೊಂದೇ ಬಿಲ್ಲೆ ಕಚ್ಚುತ್ತ ಓಡಾಡುವ ಮಕ್ಕಳ ಕೊರಳಲ್ಲಿ ಸಂಜೆಗೆ ಬರೀ ದಾರ ಉಳಿಯುವುದುಂಟು.

ಹದಿನೈದು ದಿನ ಕಳೆದರೆ ಯುಗಾದಿ. ಮರಾಠಿ ಮನೆಗಳ ಮುಂದೆ ಏಳುವ ‘ಗುಡಿ’ ಎಂಬ ಅಲಂಕರಿಸಿದ ಕೋಲಿಗೆ ರೇಷ್ಮೆ ಬಟ್ಟೆ, ಬೇವಿನ ಸೊಪ್ಪು, ಮಗುಚಿದ ತಂಬಿಗೆಯ ಜೊತೆ ಈ ಸರವೂ ಬೇಕು. ಕನ್ನಡದ ಮನೆಗಳಲ್ಲಿ ಅಂದು ಮಡಕೆಯಲ್ಲಿ ‘ಬೇವು’ ಸಿದ್ಧವಾಗುತ್ತದೆ. ಇದು ಚಿಟಿಕೆ ಬೇವು–ಬೆಲ್ಲವಲ್ಲ, ಲೋಟದಲ್ಲಿ ಕುಡಿಯುವ ಪಾನಕ: ಹುಣಸೆ ರಸ, ಬೆಲ್ಲ, ಬೇವಿನ ಹೂ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಮೇಲೆ ಒಣಕೊಬ್ಬರಿ, ಉತ್ತತ್ತಿ. ಈಚಿನ ವರ್ಷಗಳಲ್ಲಿ ರಂಜಾನ್ ಕೂಡ ಇದೇ ದಿನಗಳಿಗೆ ಬಂದಿದೆ. 2025ರಲ್ಲಿ ಮಾರ್ಚ್ 30ರಂದು ಯುಗಾದಿ, ಮರುದಿನವೇ ಈದ್. ಒಂದು ಮನೆಯಲ್ಲಿ ಬೇವು, ಪಕ್ಕದ ಮನೆಯಲ್ಲಿ ಹಾಲು–ಶಾವಿಗೆಯ ಸುರಕುಂಬಾ. ಚಾಂದ್ರಮಾನದ ಲೆಕ್ಕದಲ್ಲಿ ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಈ ಜೋಡಿ ಹೆಚ್ಚು ಕಾಲ ಉಳಿಯದು.

ಒಂದೇ ಋತುವಿಗೆ ಮೀಸಲಾದ ಸಿಹಿ ಬೇರೆಡೆಯೂ ಉಂಟು. ಇದೇ ದಿನಗಳಲ್ಲಿ ಜಪಾನಿನ ‘ಕೊಂಬಿನಿ’ ಎಂಬ ಹಗಲೂ ರಾತ್ರಿ ತೆರೆದಿರುವ ಅಂಗಡಿಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಚೆರ್ರಿ ಹೂ ಅರಳುವ ಕಾಲಕ್ಕಷ್ಟೇ ಬರುವ ತಿನಿಸುಗಳಲ್ಲಿ ‘ಸಕುರಾಮೊಚಿ’ ಹೆಸರಾದದ್ದು: ಅಂಟಕ್ಕಿಯ ಉಂಡೆ, ಒಳಗೆ ಸಿಹಿ ಕಾಳಿನ ಹೂರಣ, ಹೊರಗೆ ಉಪ್ಪಿನಲ್ಲಿ ನೆನೆಸಿದ ಚೆರ್ರಿ ಎಲೆ. ಸಿಹಿಗೆ ಉಪ್ಪೆಲೆ ಸುತ್ತುವುದು ಬೆಲ್ಲಕ್ಕೆ ಬೇವು ಬೆರೆಸುವವರಿಗೆ ವಿಚಿತ್ರ ಅನಿಸಲಿಕ್ಕಿಲ್ಲ. ಆದರೆ ಅಲ್ಲಿ ಋತುವಿನ ಸರಕನ್ನು ದೊಡ್ಡ ಕಂಪನಿಗಳು ತಿಂಗಳುಗಳ ಮೊದಲೇ ಯೋಜಿಸಿ ಊರೂರಿಗೆ ಕಳಿಸುತ್ತವೆ. ಇಲ್ಲಿ ಪಂಚಾಂಗ, ಒಲೆ, ಮರದ ಅಚ್ಚು ಸಾಕು.

ಸರ ಕೊಳ್ಳುವವರು ಹೋಳಿಗೆ ನಾಲ್ಕು ದಿನ ಮೊದಲೇ ಪೇಟೆಗೆ ಹೋಗುವುದು ಒಳ್ಳೆಯದು. ಆಯ್ಕೆಗೆ ಆಗ ಸರಕು ಇರುತ್ತದೆ. ಉಳಿದ ಬಿಲ್ಲೆಗಳು ಹಾಲಿಗೋ ಚಹಾಕ್ಕೋ ಬೀಳುತ್ತವೆ. ಯುಗಾದಿ ಮುಗಿದ ಮೇಲೆ ಕೇಳಿದರೆ ಅಂಗಡಿಯವರು ತೋರಿಸುವುದು ಮುಂದಿನ ಹೋಳಿಯನ್ನು.