ಸಕ್ಕರೆ ಕಾಯಿಲೆ: ಮನಸ್ಸು ದಣಿದಾಗ ಬೈಗುಳ ಮದ್ದಲ್ಲ

ಕಾಸರಗೋಡು: "ಶುಗರ್ ಎಷ್ಟಿದೆ?" ಎಂಬ ಪ್ರಶ್ನೆ ಈಗ ಜೆಂಬ್ರದ ಊಟದ ಪಂಕ್ತಿಯಲ್ಲೂ ಕೇಳಿಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ಕೇರಳದ ವಯಸ್ಕರಲ್ಲಿ ಶೇ. 25.5 ಮಂದಿಗೆ ಮಧುಮೇಹವಿದೆ. ದೇಶದ ಪ್ರಮಾಣ ಶೇ. 11.4. ಮಾತ್ರೆ, ಪಥ್ಯ, ನಡಿಗೆಯ ಬಗ್ಗೆ ಬೇಕಾದಷ್ಟು ಉಪದೇಶ ಸಿಗುತ್ತದೆ. ಆದರೆ ಇದನ್ನೆಲ್ಲ ದಿನವೂ ಮಾಡಬೇಕಾದವರ ಮನಸ್ಸಿನ ಸ್ಥಿತಿಯನ್ನು ವಿಚಾರಿಸುವವರು ಕಡಿಮೆ.

ಈ ಕಾಯಿಲೆಗೆ ರಜೆಯಿಲ್ಲ. ಗಂಜಿ ಎಷ್ಟು ಸೌಟು, ಹಲಸಿನ ಹಣ್ಣು ಎಷ್ಟು ಸೊಳೆ ಎಂದು ಪ್ರತಿದಿನ ಲೆಕ್ಕ ಹಾಕಬೇಕು. ಇಷ್ಟಾದರೂ ಪರೀಕ್ಷೆಯಲ್ಲಿ ಶುಗರ್ ಏರಿದ್ದರೆ "ಇನ್ನು ಯಾಕೆ ಬೇಕು" ಎನಿಸುತ್ತದೆ. ಕಣ್ಣು, ಕಿಡ್ನಿ ಹೋದೀತೆಂಬ ಹೆದರಿಕೆ ಒಂದು ಕಡೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ರಾತ್ರಿ ಶುಗರ್ ಇಳಿದೀತೆಂಬ ಭಯ ಇನ್ನೊಂದು ಕಡೆ. ವೈದ್ಯರು ಇದನ್ನು 'ಡಯಾಬಿಟಿಸ್ ಡಿಸ್ಟ್ರೆಸ್' ಎನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್‌ಸ್ಕಿ ಮತ್ತು ಸಂಗಡಿಗರು 1995ರಲ್ಲಿ ಇದನ್ನು ಅಳೆಯಲು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು.

ಇದು ಖಿನ್ನತೆಯೇ ಅಲ್ಲ. ಖಿನ್ನತೆ ಇಡೀ ಬದುಕಿನ ಆಸಕ್ತಿಯನ್ನು ಕುಗ್ಗಿಸುತ್ತದೆ, ಈ ದಣಿವು ಕಾಯಿಲೆಯ ಸುತ್ತ ಮಾತ್ರ ಇರುತ್ತದೆ. ಕೆಲವರಲ್ಲಿ ಎರಡೂ ಇರುವುದುಂಟು. ದಣಿದವರು ಪರೀಕ್ಷೆ ಮುಂದೂಡುತ್ತಾರೆ, ಮಾತ್ರೆ ತಪ್ಪಿಸುತ್ತಾರೆ. ಶುಗರ್ ಮತ್ತಷ್ಟು ಏರುತ್ತದೆ. ಮನೆಯವರು ಇದನ್ನು ಉದಾಸೀನವೆಂದು ತಿಳಿದು ಗದರುತ್ತಾರೆ. ಹೋಳಿಗೆ ತುಂಡೊಂದಕ್ಕೆ ನಾಲ್ಕು ಜನರೆದುರು ಬೈಸಿಕೊಂಡವರು ಮುಂದೆ ಕದ್ದು ತಿನ್ನುತ್ತಾರಷ್ಟೆ! ಅದರ ಬದಲು ಜತೆಯಲ್ಲಿ ನಡೆಯಲು ಹೋಗಬಹುದು, ಮನೆಮಂದಿಯೆಲ್ಲ ಅದೇ ಅಡುಗೆ ಉಣ್ಣಬಹುದು.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ, ತುಳು ಮಾತನಾಡುವ ಹಿರಿಯರು ಶುಗರಿನ ಅಂಕೆಯನ್ನು ಹರಕು ಮುರುಕು ಮಲಯಾಳದಲ್ಲಾದರೂ ಹೇಳಿಯಾರು. "ಸಾಕಾಗಿ ಹೋಗಿದೆ" ಎಂಬುದನ್ನು ಹೇಳಲು ತಮ್ಮ ಭಾಷೆಯೇ ಬೇಕು. ಭಾಷೆ ಬಲ್ಲ ಮಕ್ಕಳನ್ನೋ ಪರಿಚಯದ ಆಶಾ ಕಾರ್ಯಕರ್ತೆಯನ್ನೋ ಜತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಯಾವುದು ಕಷ್ಟವಾಗುತ್ತಿದೆಯೆಂದು ತಿಳಿದರೆ ವೈದ್ಯರು ಮದ್ದಿನ ಸಮಯವನ್ನೋ ಪಥ್ಯವನ್ನೋ ಬದಲಿಸಿಯಾರು. ತಾನಾಗಿ ಮದ್ದು ನಿಲ್ಲಿಸುವುದು ಮಾತ್ರ ಅಪಾಯ.

ಎರಡು ವಾರ ಕಳೆದರೂ ನಿದ್ದೆ, ಉತ್ಸಾಹ ಮರಳದಿದ್ದರೆ ಅಥವಾ ಸಾಯುವ ಯೋಚನೆ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿಗೆ (14416) ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು.