ಕಾಮನಬಿಲ್ಲಿನ ಬುಡದಲ್ಲಿ ನಿಲ್ಲಬಹುದೇ?

ಪ್ರಶ್ನೆ: ಕಾಮನಬಿಲ್ಲು ನೆಲವನ್ನು ಮುಟ್ಟುವಲ್ಲಿಗೆ ಮನುಷ್ಯನು ಎಂದಾದರೂ ಹೋಗಿ ನಿಲ್ಲಬಲ್ಲನೇ?

ಉತ್ತರ: ತನಗೆ ಕಾಣುವ ಬಿಲ್ಲಿನ ಬುಡದಲ್ಲಿ ಯಾರೂ ನಿಲ್ಲಲಾರರು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಉದಿಸಿ, ಹೊಸನಗರದ ಸೀಮೆಯನ್ನು ಹಾದು, ಸಾಗರದ ಜೋಗದಲ್ಲಿ 253 ಮೀಟರುಗಳ ಪ್ರಪಾತಕ್ಕೆ ಧುಮುಕುವ ಶರಾವತಿಯು ಎಬ್ಬಿಸುವ ತುಂತುರಿನಲ್ಲಿ, ಬೆನ್ನಿಗೆ ಬಿಸಿಲಿರುವಾಗ ಮೂಡುವ ಬಿಲ್ಲನ್ನು ಕಂಡವರಿಗೆ, ಅದು ಬಂಡೆಗಳ ಮೇಲೆಯೇ ಊರಿ ನಿಂತಿದೆಯೆಂಬ ಭ್ರಮೆಯುಂಟಾಗುವುದು ಸಹಜವೇ ಸರಿ. ಹನಿಯನ್ನು ಹೊಕ್ಕ ಕಿರಣವು ಬಾಗಿ, ಒಳಮೈಯಲ್ಲಿ ಪ್ರತಿಫಲಿಸಿ, ಮತ್ತೆ ಬಾಗಿ ಹೊರಬರುವಾಗ, ನಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಡಿಗ್ರಿಗಳಷ್ಟು ಓರೆಯಾಗಿರುವ ಹನಿಗಳಷ್ಟೇ ಕೆಂಪನ್ನು ನಮ್ಮ ಕಣ್ಣಿಗೆ ಕಳುಹುತ್ತವೆ (ಫ್ರೆಂಚ್ ತತ್ತ್ವಜ್ಞಾನಿ ದೇಕಾರ್ತನು 1637ರಲ್ಲಿಯೇ ಈ ಕೋನವನ್ನು ಗಣಿಸಿ ತೋರಿಸಿದನು). ಆದಕಾರಣ ನಾವು ನಡೆದಂತೆ ಬಿಲ್ಲೂ ಸರಿಯುವುದು, ಪಕ್ಕದವನು ಕಾಣುವುದೂ ಬೇರೆ ಹನಿಗಳ ಬೇರೊಂದು ಬಿಲ್ಲನ್ನು. ಹೀಗಾಗಿ, ಮೇಲಿನಿಂದ ನೋಡುವ ಸ್ನೇಹಿತನ ಕಣ್ಣಿಗೆ, ಕಮರಿಯಲ್ಲಿರುವ ನೀವು ಬಿಲ್ಲಿನ ಬುಡದಲ್ಲಿಯೇ ನಿಂತಂತೆ ತೋರಬಹುದು. ಇದು ನನಗೆ ಬಹಳ ಪ್ರಿಯವಾದ ಸಂಗತಿ. ವಸ್ತುತಃ ಬಿಲ್ಲು ಪೂರ್ಣವೃತ್ತವಾದುದರಿಂದ ಅದಕ್ಕೆ ತುದಿಯೇ ಇಲ್ಲ. ಬಯಲಿನಲ್ಲಿ ನೆಲವು ಅದರ ಕೆಳಭಾಗವನ್ನು ಮರೆಮಾಡುವುದು, ಜೋಗದ ಅಂಚಿನಲ್ಲಾದರೋ ಕಾಲಕೆಳಗೂ ತುಂತುರಿರುವ ಕಾರಣ, ಅರ್ಧವೃತ್ತಕ್ಕಿಂತ ಹೆಚ್ಚು ಕಾಣಸಿಗುವ ಸಂಭವವುಂಟು.